ವಿಡಿಯೊ ಗೇಮ್ ಆಡುವುದರಿಂದ ಬುದ್ಧಿ ನಿಜವಾಗಿಯೂ ಚುರುಕಾಗುತ್ತದೆಯೇ?

ಕುತೂಹಲಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ವಿಡಿಯೊ ಗೇಮ್ ಆಡುವವರ ಗಮನಶಕ್ತಿ, ನೆನಪು, ನಿರ್ಧಾರದ ವೇಗ ಎಲ್ಲವೂ ಹೆಚ್ಚುತ್ತವೆ ಎಂದು ಒಂದು ಲೇಖನ ಹೇಳಿದರೆ, ಅದರ ಬೆನ್ನಲ್ಲೇ ಕಣ್ಣಿಗೆ ಬೀಳುವ ಇನ್ನೊಂದು ಲೇಖನ ಗೇಮ್‌ಗಳಿಂದ ಏಕಾಗ್ರತೆಯೇ ಕೆಡುತ್ತದೆ ಎನ್ನುತ್ತದೆ. ಎರಡೂ ‘ಸಂಶೋಧನೆಯ ಪ್ರಕಾರ’ ಎಂದೇ ಆರಂಭವಾಗುತ್ತವೆ. ನನ್ನ ಹದಿಮೂರು ವರ್ಷದ ಮಗ ಮೊದಲನೆಯ ಬಗೆಯ ಲೇಖನಗಳನ್ನು ಮಾತ್ರ ಆಯ್ದು ನನಗೆ ತೋರಿಸುತ್ತಾನೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅವನು ತೋರಿಸಿದವುಗಳಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು 2022ರಲ್ಲಿ ‘ಜಾಮಾ ನೆಟ್‌ವರ್ಕ್ ಓಪನ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ವರದಿ. ಅಮೆರಿಕದ 9–10 ವರ್ಷದ ಸುಮಾರು ಎರಡು ಸಾವಿರ ಮಕ್ಕಳಲ್ಲಿ, ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಆಡುವವರು ಎಂದೂ ಆಡದವರಿಗಿಂತ ಎರಡು ಪರೀಕ್ಷೆಗಳಲ್ಲಿ ಮುಂದಿದ್ದರಂತೆ. ಕೈ ಮುಂದಾಗುವ ಹೊತ್ತಿಗೆ ತಟ್ಟನೆ ತಡೆದುಕೊಳ್ಳುವ ಶಕ್ತಿಯನ್ನು ಅಳೆಯುವುದು ಒಂದು, ಕಾರ್ಯಸ್ಮೃತಿಯನ್ನು, ಎಂದರೆ ಕೆಲಸ ಮಾಡುತ್ತಿರುವಾಗ ಬೇಕಾದ ಮಾಹಿತಿಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಅಳೆಯುವುದು ಇನ್ನೊಂದು.

ನಾನು ತಿಳಿಯಬಯಸುವುದು ಇಷ್ಟು. ಆಟವೇ ಈ ಸಾಮರ್ಥ್ಯವನ್ನು ತಂದುಕೊಡುತ್ತದೆಯೇ, ಇಲ್ಲವೇ ಮೊದಲೇ ಚುರುಕಾಗಿರುವವರು ಆಟದತ್ತ ಹೋಗುತ್ತಾರೆಯೇ? ಎಲ್ಲ ಗೇಮ್‌ಗಳಿಗೂ ಈ ಮಾತು ಅನ್ವಯಿಸುತ್ತದೆಯೇ? ಕೊನೆಯದಾಗಿ, ಪರದೆಯ ಮೇಲೆ ಕಲಿತದ್ದು ಗಣಿತದ ಲೆಕ್ಕ ಬಿಡಿಸುವಾಗಲೋ ಪಾಠ ಓದುವಾಗಲೋ ಉಪಯೋಗಕ್ಕೆ ಬರುತ್ತದೆಯೇ? ಕೇವಲ ಅಭಿಪ್ರಾಯಕ್ಕಿಂತ ಪ್ರಯೋಗಗಳ ಆಧಾರವಿರುವ ಉತ್ತರಗಳನ್ನು ನಿರೀಕ್ಷಿಸುತ್ತೇನೆ.

ನರಜಾಲ:

ನಿಮ್ಮ ಮಗನ ವಾದವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಈ ಕ್ಷೇತ್ರಕ್ಕೆ ಚಾಲನೆ ಕೊಟ್ಟದ್ದು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ, ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಶಾನ್ ಗ್ರೀನ್ ಮತ್ತು ಡಫ್ನಿ ಬವೆಲಿಯೆ ಅವರ ಪ್ರಬಂಧ. ಅವರು ಮೊದಲು ಆಟಗಾರರನ್ನೂ ಆಟಗಾರರಲ್ಲದವರನ್ನೂ ಹೋಲಿಸಿ, ಆಟಗಾರರ ದೃಷ್ಟಿಗಮನ ಹೆಚ್ಚು ವಿಶಾಲವಾಗಿದೆ ಎಂದು ಕಂಡುಕೊಂಡರು. ಅಷ್ಟಕ್ಕೇ ನಿಂತಿದ್ದರೆ ನೀವು ಎತ್ತಿರುವ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಆದ್ದರಿಂದ ಅವರು ಗೇಮ್ ಆಡುವ ಅಭ್ಯಾಸವಿಲ್ಲದವರನ್ನು ಕರೆದು, ಒಂದು ಗುಂಪಿಗೆ ‘ಮೆಡಲ್ ಆಫ್ ಆನರ್’ ಎಂಬ ಯುದ್ಧದ ಆಟವನ್ನೂ ಇನ್ನೊಂದು ಗುಂಪಿಗೆ ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ ಜೋಡಿಸುವ ‘ಟೆಟ್ರಿಸ್’ ಆಟವನ್ನೂ ಕೊಟ್ಟು, ಹತ್ತು ದಿನ ದಿನಕ್ಕೊಂದು ಗಂಟೆ ಆಡಿಸಿದರು. ಯುದ್ಧದ ಆಟ ಆಡಿದವರು ಗಮನದ ಪರೀಕ್ಷೆಗಳಲ್ಲಿ ಟೆಟ್ರಿಸ್ ಆಡಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ನೋಟದ ಅಂಚಿನಲ್ಲಿ ಕ್ಷಣಮಾತ್ರ ಮಿನುಗಿ ಮಾಯವಾಗುವ ಗುರುತನ್ನು ಪತ್ತೆಹಚ್ಚುವುದು, ಒಂದರ ಹಿಂದೊಂದು ಬೇಗ ಬೇಗ ಬಂದುಹೋಗುವ ಚಿಹ್ನೆಗಳಲ್ಲಿ ಎರಡನೆಯ ಗುರಿಯನ್ನು ಕಳೆದುಕೊಳ್ಳದಿರುವುದು ಈ ಬಗೆಯ ಪರೀಕ್ಷೆಗಳವು.

ಇದಾದ ಮೇಲೆ 2007ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು, ಹತ್ತು ಗಂಟೆಗಳ ಆ್ಯಕ್ಷನ್ ಗೇಮ್ ತರಬೇತಿಯಿಂದ ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಸಾಮರ್ಥ್ಯ ಹೆಚ್ಚಿತು, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚು ಸುಧಾರಣೆ ಕಂಡುಬಂತು ಎಂದು ವರದಿ ಮಾಡಿದರು. 2009ರ ಇನ್ನೊಂದು ಪ್ರಯೋಗದಲ್ಲಿ, 50 ಗಂಟೆ ಆ್ಯಕ್ಷನ್ ಗೇಮ್ ಆಡಿದವರು ಬೂದು ಬಣ್ಣದ ಅತಿ ಸೂಕ್ಷ್ಮ ಛಾಯಾವ್ಯತ್ಯಾಸಗಳನ್ನು ಗುರುತಿಸುವುದರಲ್ಲೂ ಮುಂದೆ ಹೋದರು.

ಎಲ್ಲ ಗೇಮ್‌ಗಳೂ ಒಂದೇ ಅಲ್ಲ ಎಂಬುದು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ. ಮೇಲಿನ ಫಲಿತಾಂಶಗಳೆಲ್ಲ ಆ್ಯಕ್ಷನ್ ಗೇಮ್‌ಗಳವು, ಎಂದರೆ ವೇಗವಾಗಿ ಬದಲಾಗುವ ದೃಶ್ಯ, ಏಕಕಾಲಕ್ಕೆ ಹಲವು ಗುರಿಗಳ ಮೇಲೆ ನಿಗಾ, ಎಲ್ಲಿಂದ ಏನು ಎದುರಾಗುತ್ತದೆಂದು ಗೊತ್ತಿಲ್ಲದ ಸ್ಥಿತಿಯಲ್ಲಿ ತಕ್ಷಣ ನಿರ್ಧರಿಸಬೇಕಾದ ಒತ್ತಡ ಇವೆಲ್ಲ ಇರುವಂಥವು. ಬೇಡದ ಮಾಹಿತಿಯನ್ನು ಬದಿಗೊತ್ತಿ ಬೇಕಾದುದನ್ನು ಹಿಡಿಯುವ ಹತೋಟಿಯನ್ನೇ ಇವು ಪಳಗಿಸುತ್ತವೆ ಎಂಬುದು ಬವೆಲಿಯೆ ಅವರ ವಿವರಣೆ. ಅವರ ತಂಡ 2018ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಆಟಗಾರರಿಗೂ ಇತರರಿಗೂ ನಡುವೆ ಸುಮಾರು ಅರ್ಧ ಮಾನಕ ವಿಚಲನೆಯಷ್ಟು (ಜನರ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಅಂತರವೂ, ತರಬೇತಿ ಕೊಟ್ಟ ಪ್ರಯೋಗಗಳಲ್ಲಿ ಅದೇ ಅಳತೆಯ ಸುಮಾರು ಮೂರನೇ ಒಂದರಷ್ಟು ಲಾಭವೂ ಕಂಡುಬಂತು. ಮನೋವಿಜ್ಞಾನದಲ್ಲಿ ಇದು ತೀರಾ ಸಣ್ಣ ಪರಿಣಾಮವೇನಲ್ಲ.

ಅಂಕಿಗಣ್ಣು:

ನರಜಾಲ ಅವರು ಹೇಳಿದ ಪ್ರಯೋಗಗಳು ನಡೆದಿರುವುದು ನಿಜ. ಆದರೆ ಅವು ಕಥೆಯ ಅರ್ಧಭಾಗ ಮಾತ್ರ, ಮತ್ತು ಉಳಿದ ಅರ್ಧವನ್ನು ಓದಿದವರಿಗೆ ಅಷ್ಟು ಧೈರ್ಯ ಉಳಿಯುವುದಿಲ್ಲ.

2008ರಲ್ಲಿ ವಾಲ್ಟರ್ ಬೂಟ್ ಮತ್ತು ಸಂಗಡಿಗರು, ಹತ್ತರ ಬದಲು ಇಪ್ಪತ್ತಕ್ಕೂ ಹೆಚ್ಚು ಗಂಟೆಗಳ ತರಬೇತಿ ಕೊಟ್ಟು, ಗಮನ, ನೆನಪು, ತರ್ಕ ಮೊದಲಾದವುಗಳ ದೊಡ್ಡದೊಂದು ಪರೀಕ್ಷಾಮಾಲೆಯನ್ನು ನಡೆಸಿದರು. ಪರಿಣತ ಆಟಗಾರರು ಕೆಲವು ಪರೀಕ್ಷೆಗಳಲ್ಲಿ ಮುಂದಿದ್ದರಾದರೂ, ಹೊಸದಾಗಿ ತರಬೇತಿ ಪಡೆದವರಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಬಹುಮಟ್ಟಿಗೆ ಕಾಣಲಿಲ್ಲ. ಆಟಗಾರರು ಮುಂದಿರುವುದು ಆಟದ ಫಲವೋ, ಅಥವಾ ಸಹಜವಾಗಿಯೇ ಚುರುಕು ಕಣ್ಣಿರುವವರು ಆ ಆಟಗಳಲ್ಲಿ ಗೆದ್ದು, ಗೆಲ್ಲುವ ಕಾರಣಕ್ಕೇ ಆಡುತ್ತ ಉಳಿದರೋ ಎಂಬ ಸಂಶಯ ಇದರಿಂದ ಗಟ್ಟಿಯಾಯಿತು.

ಇದಕ್ಕಿಂತ ಗಂಭೀರವಾದ ತೊಡಕು ನಿರೀಕ್ಷೆಯದು. ಔಷಧದ ಪರೀಕ್ಷೆಯಲ್ಲಿ ನಿಜವಾದ ಮಾತ್ರೆಯನ್ನೂ ಹುಸಿ ಮಾತ್ರೆಯನ್ನೂ ಯಾರಿಗೆ ಯಾವುದೆಂದು ತಿಳಿಯದಂತೆ ಕೊಡಬಹುದು. ಗೇಮ್ ವಿಷಯದಲ್ಲಿ ಅದು ಸಾಧ್ಯವಿಲ್ಲ, ತಾನು ಆಡುತ್ತಿರುವುದು ಯುದ್ಧದ ಆಟವೋ ಟೆಟ್ರಿಸ್ಸೋ ಎಂಬುದು ಆಡುವವನಿಗೆ ಗೊತ್ತೇ ಇರುತ್ತದೆ. 2013ರಲ್ಲಿ ಬೂಟ್ ಮತ್ತು ಡೇನಿಯಲ್ ಸೈಮನ್ಸ್ ಅವರ ತಂಡ ಜನರಿಗೆ ಈ ಆಟಗಳ ತುಣುಕುಗಳನ್ನು ತೋರಿಸಿ, ಯಾವ ಆಟದಿಂದ ಯಾವ ಪರೀಕ್ಷೆಯಲ್ಲಿ ಸುಧಾರಣೆ ಆಗಬಹುದೆಂದು ಕೇಳಿತು. ಜನ ಊಹಿಸಿದ್ದೂ ಅಂದಿನವರೆಗೆ ಪ್ರಯೋಗಗಳಲ್ಲಿ ವರದಿಯಾಗಿದ್ದೂ ಬಹಳಮಟ್ಟಿಗೆ ಹೊಂದಿಕೊಂಡವು. ವೇಗದ ಆಟ ಆಡಿದವನು ‘ನಾನೀಗ ವೇಗದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಬೇಕು’ ಎಂದು ತನಗರಿವಿಲ್ಲದೆಯೇ ಹೆಚ್ಚು ಪ್ರಯತ್ನ ಹಾಕಿದ್ದರೆ, ನಾವು ಅಳೆದದ್ದು ಆಟದ ಪರಿಣಾಮವನ್ನೋ ಉತ್ಸಾಹದ ಪರಿಣಾಮವನ್ನೋ?

ನಿರೀಕ್ಷೆಗೆ ಅಷ್ಟು ಬಲವಿದೆಯೇ ಎಂದು ಕೇಳುವವರಿಗೆ 2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ಪ್ರಯೋಗವನ್ನು ಓದಲು ಹೇಳುತ್ತೇನೆ. ಒಂದು ಭಿತ್ತಿಪತ್ರದಲ್ಲಿ ‘ಮಿದುಳಿನ ತರಬೇತಿಯಿಂದ ಬುದ್ಧಿಶಕ್ತಿ ಹೆಚ್ಚುತ್ತದೆ’ ಎಂಬ ಆಸೆ ತೋರಿಸಿಯೂ, ಇನ್ನೊಂದರಲ್ಲಿ ಆ ವಿಷಯವನ್ನೇ ಎತ್ತದೆಯೂ ಜನರನ್ನು ಕರೆದರು. ಎರಡು ಗುಂಪಿಗೂ ಕೊಟ್ಟದ್ದು ಒಂದೇ ತರಬೇತಿ, ಅದೂ ಒಂದು ಗಂಟೆ ಮಾತ್ರ. ಆಸೆಯ ಭಿತ್ತಿಪತ್ರ ನೋಡಿ ಬಂದವರ ಅಂಕ ಬುದ್ಧಿಮತ್ತೆಯ ಮಾಪನದಲ್ಲಿ 5ರಿಂದ 10ರಷ್ಟು ಏರಿತು, ಇನ್ನೊಂದು ಗುಂಪಿನದು ಏರಲಿಲ್ಲ. ಭಾಗವಹಿಸಿದವರು ಒಟ್ಟು 50 ಜನ ಮಾತ್ರ, ಆದ್ದರಿಂದ ಅಂಕಿಯನ್ನು ಅಕ್ಷರಶಃ ಹಿಡಿಯಬೇಡಿ. ಆದರೂ ಒಂದು ಗಂಟೆಯಲ್ಲಿ ಯಾರ ಬುದ್ಧಿಯೂ ಅಷ್ಟು ಬೆಳೆಯುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ವಿಷಯ. ಬವೆಲಿಯೆ ತಂಡದ ವಿಶ್ಲೇಷಣೆ ಬಂದ 2018ರಲ್ಲೇ, ಅದೇ ‘ಸೈಕಲಾಜಿಕಲ್ ಬುಲೆಟಿನ್’ ಪತ್ರಿಕೆಯಲ್ಲಿ, ಜೊವಾನಿ ಸಾಲಾ ಮತ್ತು ಫರ್ನಾಂಡ್ ಗೊಬೆ ಅವರ ತಂಡ ತನ್ನ ವಿಶ್ಲೇಷಣೆಯನ್ನೂ ಪ್ರಕಟಿಸಿ, ಗೇಮ್ ತರಬೇತಿಯಿಂದ ಸಾಮಾನ್ಯ ಬೌದ್ಧಿಕ ಸಾಮರ್ಥ್ಯ ಹೆಚ್ಚುವುದಿಲ್ಲ ಎಂಬ ನಿರ್ಣಯಕ್ಕೆ ಬಂತು. ಮರುವರ್ಷ ವಿಮರ್ಶಕರು ಬವೆಲಿಯೆ ತಂಡದ ಲೆಕ್ಕವನ್ನು ಮತ್ತೆ ಪರಿಶೀಲಿಸಿ, ಒಳ್ಳೆಯ ಫಲಿತಾಂಶ ಬಂದ ಅಧ್ಯಯನಗಳೇ ಹೆಚ್ಚಾಗಿ ಅಚ್ಚಾಗಿರುವುದರಿಂದ ಪರಿಣಾಮವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸಿದಂತಾಗಿದೆ ಎಂದು ವಾದಿಸಿದರು. ಈ ವಿವಾದದಲ್ಲಿ ನಾನು ವಿಮರ್ಶಕರ ಕಡೆ.

ಕುತೂಹಲಿ ಅವರೇ, ನಿಮ್ಮ ಮಗ ತೋರಿಸಿದ ಅಧ್ಯಯನದ ಬಗ್ಗೆ ಎರಡು ಮಾತು. ಅದರಲ್ಲಿ ಯಾರಿಗೂ ಗೇಮ್ ಕೊಟ್ಟು ಪರೀಕ್ಷಿಸಲಿಲ್ಲ. ಈಗಾಗಲೇ ಆಡುತ್ತಿದ್ದ ಮಕ್ಕಳನ್ನೂ ಆಡದ ಮಕ್ಕಳನ್ನೂ ಒಂದು ಗಳಿಗೆಯಲ್ಲಿ ಹೋಲಿಸಿದರು, ಅಷ್ಟೇ. ಹೀಗಾಗಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಅದು ಹೇಳಲಾರದು, ಲೇಖಕರೂ ಅದನ್ನು ಒಪ್ಪಿದ್ದಾರೆ. ಅದೇ ಅಧ್ಯಯನದಲ್ಲಿ ಹೆಚ್ಚು ಆಡುವ ಮಕ್ಕಳ ಗಮನದ ಸಮಸ್ಯೆ ಹಾಗೂ ಖಿನ್ನತೆಯ ಅಂಕಗಳೂ ತುಸು ಹೆಚ್ಚಿದ್ದವು, ರೋಗವೆಂದು ಕರೆಯುವ ಮಟ್ಟಕ್ಕೆ ಮುಟ್ಟಿರಲಿಲ್ಲವಾದರೂ. ಆ ಭಾಗವನ್ನು ನಿಮ್ಮ ಮಗ ನಿಮಗೆ ತೋರಿಸಿರಲಾರ. ಮೊದಲು ಪ್ರಕಟವಾದ ಪ್ರಬಂಧವನ್ನು 2023ರಲ್ಲಿ ಹಿಂಪಡೆದು ತಿದ್ದಿದ ರೂಪದಲ್ಲಿ ಮತ್ತೆ ಪ್ರಕಟಿಸಲಾಯಿತು ಎಂಬುದೂ ತಿಳಿದಿರಲಿ.

ನರಜಾಲ:

ಅಂಕಿಗಣ್ಣು ಅವರ ಆಕ್ಷೇಪಗಳಲ್ಲಿ ನಿರೀಕ್ಷೆಯ ತೊಡಕನ್ನು ನಾನು ಒಪ್ಪುತ್ತೇನೆ. ಆದರೆ ಮಕ್ಕಳ ಅಧ್ಯಯನಗಳೆಲ್ಲ ಒಂದೇ ಗಳಿಗೆಯ ಹೋಲಿಕೆಗಳಲ್ಲ. ಅದೇ 2022ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂದ, ಸ್ವೀಡನ್ನಿನ ಟೊರ್ಕೆಲ್ ಕ್ಲಿಂಗ್‌ಬೆರಿ ಮುಂತಾದವರ ಅಧ್ಯಯನ ಅಮೆರಿಕದ ಸುಮಾರು ಐದು ಸಾವಿರ ಮಕ್ಕಳನ್ನು ಎರಡು ವರ್ಷಗಳ ಅಂತರದಲ್ಲಿ ಮತ್ತೆ ಪರೀಕ್ಷಿಸಿತು. ಹೆತ್ತವರ ಶಿಕ್ಷಣ, ಕುಟುಂಬದ ಆರ್ಥಿಕ ಸ್ಥಿತಿ ಮತ್ತು ಆನುವಂಶಿಕ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹೆಚ್ಚು ಆಡುತ್ತಿದ್ದ ಮಕ್ಕಳ ಬುದ್ಧಿಮತ್ತೆಯ ಅಂಕ ಸರಾಸರಿಗಿಂತ ಸುಮಾರು 2.5ರಷ್ಟು ಹೆಚ್ಚು ಏರಿತ್ತು. ಇದೂ ಪ್ರಯೋಗವಲ್ಲ, ನಿಜ. ಆದರೆ ‘ಚುರುಕಾದವರೇ ಆಡುತ್ತಾರೆ’ ಎಂಬ ಒಂದೇ ವಿವರಣೆಯಿಂದ ಇದನ್ನು ಬಿಡಿಸಲು ಬರುವುದಿಲ್ಲ.

ಹಳೆಯ ಆಟಗಾರ:

ನಾನು ಚದುರಂಗವನ್ನೂ ಕಂಪ್ಯೂಟರ್ ಗೇಮ್‌ಗಳನ್ನೂ ಬಹುಕಾಲದಿಂದ ಆಡುತ್ತಿರುವವನು. ಇಬ್ಬರೂ ಬಿಟ್ಟಿರುವ ಮೂರನೆಯ ಪ್ರಶ್ನೆಗೆ, ಎಂದರೆ ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಒದಗುತ್ತದೆಯೇ ಎಂಬುದಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ವಿಷಯದ ತಿರುಳು ಅಲ್ಲಿದೆ.

ಈ ಪ್ರಶ್ನೆ ವಿಡಿಯೊ ಗೇಮ್‌ಗಿಂತ ಬಹಳ ಹಳೆಯದು. 1901ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಮತ್ತು ರಾಬರ್ಟ್ ವುಡ್‌ವರ್ತ್ ಇದನ್ನು ಪರೀಕ್ಷಿಸಿ, ಎರಡು ಕೆಲಸಗಳ ನಡುವೆ ಸಮಾನವಾದ ಅಂಶಗಳು ಎಷ್ಟಿವೆಯೋ ಅಷ್ಟರ ಮಟ್ಟಿಗೆ ಮಾತ್ರ ಒಂದರ ಅಭ್ಯಾಸ ಇನ್ನೊಂದಕ್ಕೆ ನೆರವಾಗುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದರು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚದುರಂಗದಲ್ಲಿ ಇದನ್ನೇ ಸೊಗಸಾಗಿ ತೋರಿಸಿದರು. ನಿಜವಾದ ಪಂದ್ಯದ ನಡುವಿನ ಸ್ಥಿತಿಯೊಂದನ್ನು ಐದು ಸೆಕೆಂಡು ತೋರಿಸಿದರೆ ಪರಿಣತ ಆಟಗಾರ ಅದನ್ನು ಹೆಚ್ಚುಕಡಿಮೆ ಹಾಗೆಯೇ ಮತ್ತೆ ಜೋಡಿಸುತ್ತಾನೆ, ಹೊಸಬ ಕೆಲವೇ ಕಾಯಿಗಳನ್ನು ನೆನಪಿಟ್ಟುಕೊಳ್ಳುತ್ತಾನೆ. ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಇಟ್ಟು ತೋರಿಸಿದರೆ ಪರಿಣತನ ಮೇಲುಗೈ ಬಹುತೇಕ ಕರಗಿಹೋಗುತ್ತದೆ. ಅವನಲ್ಲಿ ಬೆಳೆದದ್ದು ಸಾಮಾನ್ಯ ನೆನಪಲ್ಲ, ಚದುರಂಗದ ವಿನ್ಯಾಸಗಳ ಪರಿಚಯ.

ಟೆಟ್ರಿಸ್ ವಿಷಯದಲ್ಲೂ ಹೀಗೆಯೇ. 2002ರಲ್ಲಿ ವ್ಯಾಲರಿ ಸಿಮ್ಸ್ ಮತ್ತು ರಿಚರ್ಡ್ ಮೇಯರ್ ನಡೆಸಿದ ಅಧ್ಯಯನದಲ್ಲಿ, ಟೆಟ್ರಿಸ್‌ನಲ್ಲಿ ಪಳಗಿದವರು ಆ ಆಟದ ತುಂಡುಗಳನ್ನೂ ಅವುಗಳನ್ನು ಬಹುವಾಗಿ ಹೋಲುವ ಆಕೃತಿಗಳನ್ನೂ ಮನಸ್ಸಿನಲ್ಲಿ ತಿರುಗಿಸುವುದರಲ್ಲಿ ಮುಂದಿದ್ದರು. ಬೇರೆ ಬಗೆಯ ಆಕೃತಿ ಬಂದಾಗ ಎಲ್ಲರೂ ಒಂದೇ. ಬಾವಿಯಲ್ಲಿ ಈಜು ಕಲಿತವನಿಗೆ ಹೊಳೆ ದಾಟುವುದು ಸುಲಭವಾದೀತು, ಮರ ಹತ್ತುವುದಕ್ಕೆ ಆ ಈಜು ಒದಗಿ ಬರುವುದಿಲ್ಲ.

ಆದರೆ ಹೊಳೆಯಂಥ ಸಂದರ್ಭಗಳೂ ಇವೆ ಎಂಬುದನ್ನು ಮರೆಯಬಾರದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆಂದೇ ರೂಪಿಸಿದ ‘ಸ್ಪೇಸ್ ಫೋರ್ಟ್ರೆಸ್’ ಎಂಬ ಆಟವಿತ್ತು. ನೌಕೆಯನ್ನು ನಡೆಸುತ್ತಲೇ ಕೋಟೆಗೆ ಗುಂಡಿಡಬೇಕು, ಸ್ಫೋಟಕಗಳಿಂದ ತಪ್ಪಿಸಿಕೊಳ್ಳಬೇಕು, ನಡುನಡುವೆ ಬರುವ ಅಕ್ಷರಗಳನ್ನು ನೆನಪಿಡಬೇಕು. 1994ರಲ್ಲಿ ಡೇನಿಯಲ್ ಗೋಫರ್ ಮತ್ತು ಸಂಗಡಿಗರು ವರದಿ ಮಾಡಿದಂತೆ, ಇಸ್ರೇಲ್ ವಾಯುಪಡೆಯಲ್ಲಿ ಹಾರಾಟ ಕಲಿಯುತ್ತಿದ್ದವರಿಗೆ ಈ ಆಟದಲ್ಲಿ ಹತ್ತು ಗಂಟೆಗಳ ತರಬೇತಿ ಕೊಟ್ಟಾಗ, ಅವರು ತರಬೇತಿಯಿಲ್ಲದ ಸಹಪಾಠಿಗಳಿಗಿಂತ ನಿಜವಾದ ವಿಮಾನದಲ್ಲೂ ಚೆನ್ನಾಗಿ ಹಾರಿದರು. ಆ ತರಬೇತಿ ಬರಿ ಆಟವಾಗಿರಲಿಲ್ಲ, ಗಮನವನ್ನು ಯಾವಾಗ ಯಾವುದರ ಮೇಲೆ ಹಂಚಬೇಕೆಂದು ಹೇಳಿಕೊಟ್ಟು ಆಡಿಸಿದ್ದು. ಮನೆಯಲ್ಲಿ ತನ್ನಷ್ಟಕ್ಕೆ ಆಡುವ ಹುಡುಗನಿಗೆ ಆ ಬಗೆಯ ಮಾರ್ಗದರ್ಶನ ಇರುವುದಿಲ್ಲ.

ಆದ್ದರಿಂದ ಮೂರನೆಯ ಪ್ರಶ್ನೆಗೆ ನನ್ನ ಉತ್ತರ: ಗುಂಡು ಹಾರಿಸುವ ಆಟದಿಂದ ಬೀಜಗಣಿತ ಬರುವುದಿಲ್ಲ. ಬೀಜಗಣಿತ ಬೇಕಾದರೆ ಬೀಜಗಣಿತವನ್ನೇ ಮಾಡಬೇಕು.

ಶಸ್ತ್ರವೈದ್ಯೆ:

ಹೊಳೆ ದಾಟುವ ಸಂದರ್ಭಕ್ಕೆ ನನ್ನ ವೃತ್ತಿಯಿಂದ ಒಂದು ಉದಾಹರಣೆ. 2007ರಲ್ಲಿ ‘ಆರ್ಕೈವ್ಸ್ ಆಫ್ ಸರ್ಜರಿ’ ಪತ್ರಿಕೆಯಲ್ಲಿ ಜೇಮ್ಸ್ ರಾಸರ್ ಮತ್ತು ಸಂಗಡಿಗರು 33 ಶಸ್ತ್ರವೈದ್ಯರ ಅಧ್ಯಯನವನ್ನು ಪ್ರಕಟಿಸಿದರು. ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಗೇಮ್ ಆಡಿದ್ದವರು ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಅಭ್ಯಾಸದ ಕಸರತ್ತುಗಳಲ್ಲಿ, ಎಂದೂ ಆಡದವರಿಗಿಂತ ಶೇ 37ರಷ್ಟು ಕಡಿಮೆ ತಪ್ಪು ಮಾಡಿದರು, ಶೇ 27ರಷ್ಟು ಬೇಗ ಮುಗಿಸಿದರು. ನಮಗೆ ಇದು ಆಶ್ಚರ್ಯವೆನಿಸುವುದಿಲ್ಲ. ಲ್ಯಾಪರೊಸ್ಕೋಪಿಯಲ್ಲಿ ಕಣ್ಣು ಪರದೆಯ ಮೇಲಿರುತ್ತದೆ, ಕೈ ಬೇರೆಲ್ಲೋ ಇರುತ್ತದೆ, ಆಳವನ್ನು ಚಪ್ಪಟೆ ಚಿತ್ರದಿಂದ ಊಹಿಸಬೇಕು. ಗೇಮ್‌ನಲ್ಲಿಯೂ ಅದೇ. ಆದರೆ ಅಳೆದದ್ದು ಕಸರತ್ತುಗಳನ್ನು, ರೋಗಿಯ ಮೇಲಿನ ಶಸ್ತ್ರಚಿಕಿತ್ಸೆಯನ್ನಲ್ಲ. ಯಾವಾಗ ಕೊಯ್ಯಬೇಕು, ಯಾವಾಗ ಕೈ ಹಿಂದೆಗೆಯಬೇಕು ಎಂಬ ವಿವೇಚನೆ ಕೈಚಳಕದಿಂದ ಬರುವಂಥದ್ದಲ್ಲ.

ಕುತೂಹಲಿ:

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಇದರ ಜೊತೆಗೇ ಇನ್ನೊಂದು ವಿಷಯ ಕೇಳಬೇಕಾಗಿದೆ. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಮರೆವು ಬಾರದಂತೆ ತಡೆಯುತ್ತದೆ ಎಂಬ ಜಾಹೀರಾತು ನೋಡಿ, ಮಿದುಳಿಗೆ ಕಸರತ್ತು ಕೊಡುವ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಬೇಕೆಂದಿದ್ದಾರೆ. ಮಕ್ಕಳ ವಿಷಯದಲ್ಲಿ ಹೇಳಿದ್ದೇ ಹಿರಿಯರಿಗೂ ಅನ್ವಯಿಸುತ್ತದೆಯೇ? ಮಗನ ವಿಷಯದಲ್ಲಿ, ದಿನಕ್ಕೆ ಇಷ್ಟು ಹೊತ್ತು ಎಂದು ಗೆರೆ ಎಳೆಯಲು ಈ ಸಂಶೋಧನೆಗಳಿಂದ ಏನಾದರೂ ಆಧಾರ ಸಿಗುತ್ತದೆಯೇ?

ಅಂಕಿಗಣ್ಣು:

ಹಿರಿಯರ ವಿಷಯವನ್ನು ಮೊದಲು ನೋಡೋಣ. ಇಲ್ಲಿ ಒಂದು ಒಳ್ಳೆಯ ಪ್ರಯೋಗವಿದೆ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯ ಆ್ಯಡಂ ಗಜಾಲಿ ಅವರ ತಂಡ, ‘ನ್ಯೂರೊರೇಸರ್’ ಎಂಬ ಆಟವನ್ನು 60ರಿಂದ 85 ವರ್ಷದವರಿಗೆ ಕೊಟ್ಟು ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಅಂಕುಡೊಂಕಾದ ರಸ್ತೆಯಲ್ಲಿ ಕಾರು ಓಡಿಸುತ್ತಲೇ, ನಿಗದಿತ ಚಿಹ್ನೆ ಕಂಡಾಗ ಮಾತ್ರ ಗುಂಡಿ ಒತ್ತುವ ಆಟ ಅದು. ಒಂದು ತಿಂಗಳ ಅಭ್ಯಾಸದ ಬಳಿಕ, ಎರಡು ಕೆಲಸಗಳನ್ನು ಒಟ್ಟಿಗೆ ನಿಭಾಯಿಸುವುದರಲ್ಲಿ ಅವರು ತರಬೇತಿಯಿಲ್ಲದ ಇಪ್ಪತ್ತರ ಹರೆಯದವರನ್ನೂ ಮೀರಿಸಿದರು, ಗಮನ ಮತ್ತು ಕಾರ್ಯಸ್ಮೃತಿಯ ಬೇರೆ ಕೆಲವು ಪರೀಕ್ಷೆಗಳಲ್ಲೂ ಸುಧಾರಿಸಿದರು. ಇದಕ್ಕಿಂತ ಬಹಳ ದೊಡ್ಡದು, 65 ದಾಟಿದ 2,832 ಜನರ ಮೇಲೆ ಅಮೆರಿಕದಲ್ಲಿ ನಡೆದ ‘ಆ್ಯಕ್ಟಿವ್’ ಎಂಬ ಪ್ರಯೋಗ. 2002ರಲ್ಲಿ ಬಂದ ಅದರ ಮೊದಲ ವರದಿಯ ಪ್ರಕಾರ, ನೆನಪಿನ ತರಬೇತಿ ಪಡೆದವರು ನೆನಪಿನಲ್ಲಿ, ತರ್ಕದ ತರಬೇತಿ ಪಡೆದವರು ತರ್ಕದಲ್ಲಿ, ವೇಗದ ತರಬೇತಿ ಪಡೆದವರು ವೇಗದಲ್ಲಿ ಮುಂದೆ ಹೋದರು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಹಳೆಯ ಆಟಗಾರ ಅವರು ಹೇಳಿದ ಮಾತೇ ಇಲ್ಲಿಯೂ ನಿಲ್ಲುತ್ತದೆ.

ಮಾರುಕಟ್ಟೆಯ ಆ್ಯಪ್‌ಗಳದು ಬೇರೆಯೇ ಕಥೆ. 2010ರಲ್ಲಿ ಬಿಬಿಸಿಯ ಸಹಯೋಗದಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು 11,430 ಜನರಿಗೆ ಆರು ವಾರ ಅಂತರ್ಜಾಲದಲ್ಲಿ ಇಂಥ ಕಸರತ್ತು ಮಾಡಿಸಿದರು. ಅಭ್ಯಾಸ ಮಾಡಿದ ಕಸರತ್ತುಗಳಲ್ಲಿ ಎಲ್ಲರೂ ಸುಧಾರಿಸಿದರು, ಅವುಗಳನ್ನು ಹೋಲುವ ಬೇರೆ ಪರೀಕ್ಷೆಗಳಲ್ಲಿ ಕೂಡ ಅದರ ಲಾಭ ಕಾಣಿಸಲಿಲ್ಲ. 2016ರ ಜನವರಿಯಲ್ಲಿ, ‘ಲುಮಾಸಿಟಿ’ ಎಂಬ ಹೆಸರಿನ ಕಸರತ್ತುಗಳನ್ನು ಮಾರುತ್ತಿದ್ದ ಲೂಮೋಸ್ ಲ್ಯಾಬ್ಸ್ ಕಂಪನಿ, ವಯಸ್ಸಿನೊಂದಿಗೆ ಬರುವ ಮರೆವನ್ನು ತಡೆಯುತ್ತೇವೆಂಬಂಥ ಆಧಾರವಿಲ್ಲದ ಜಾಹೀರಾತಿನ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣವನ್ನು ಮುಗಿಸಿಕೊಂಡಿತು. ಅತ್ತೆಯವರಿಗೆ ಆ ಆಟಗಳು ಖುಷಿ ಕೊಡುವುದಾದರೆ ಖುಷಿಗೆಂದು ಆಡಲಿ. ಮರೆವಿನ ಔಷಧವೆಂದು ನಂಬಿ ಹಣ ಕಟ್ಟುವ ಮೊದಲು, ಕಂಪನಿ ತೋರಿಸುವ ‘ಸುಧಾರಣೆ’ ಆ ಆ್ಯಪ್‌ನೊಳಗಿನ ಅಂಕಗಳದೋ, ಹೊರಗಿನ ಪರೀಕ್ಷೆಗಳದೋ ಎಂದು ವಿಚಾರಿಸಿ. ಹೆಚ್ಚಿನವು ಮೊದಲನೆಯ ಬಗೆಯವು. ಮರೆವು ಈಗಾಗಲೇ ದಿನನಿತ್ಯದ ಕೆಲಸಕ್ಕೆ ತೊಡಕಾಗುತ್ತಿದ್ದರೆ ಆ್ಯಪ್ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಶಸ್ತ್ರವೈದ್ಯೆ:

ಮಗನ ವಿಷಯದಲ್ಲಿ, ಈ ಅಧ್ಯಯನಗಳಲ್ಲಿ ಯಾವುದೂ ದಿನಕ್ಕೆ ಇಷ್ಟೇ ಗಂಟೆ ಎಂಬ ಗೆರೆಯನ್ನು ಹಾಕಿಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಯಲ್ಲಿರುವ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಅಲ್ಲಿಯೂ ಗಂಟೆಗಳ ಲೆಕ್ಕವಿಲ್ಲ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಆಸಕ್ತಿಗಳನ್ನೂ ದಿನಚರಿಯನ್ನೂ ಆಟ ಹಿಂದೆ ತಳ್ಳುವುದು, ತೊಂದರೆಯಾಗುತ್ತಿದೆ ಎಂದು ತಿಳಿದ ಮೇಲೂ ಮುಂದುವರಿಸುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ ಕಂಡುಬಂದರೆ ಮಾತ್ರ ಅದನ್ನು ರೋಗವೆಂದು ಪರಿಗಣಿಸುತ್ತಾರೆ. ಹೆಚ್ಚಿನ ಮಕ್ಕಳು ಆ ಹಂತದ ಹತ್ತಿರವೂ ಹೋಗುವುದಿಲ್ಲ.

ನಾನಾದರೆ ಗಡಿಯಾರಕ್ಕಿಂತ ಮೊದಲು ನಿದ್ದೆಯನ್ನು ನೋಡುತ್ತೇನೆ. ಹತ್ತು ಗಂಟೆಗಳ ತರಬೇತಿ ಗಮನಕ್ಕೆ ಏನು ಕೊಡುತ್ತದೆ ಎಂಬ ಬಗ್ಗೆ ಇಲ್ಲಿ ಇಷ್ಟು ವಾದ ನಡೆದಿದೆ, ನಿದ್ದೆಗೆಟ್ಟರೆ ಮರುದಿನ ಗಮನವೂ ನೆನಪೂ ಕುಂದುತ್ತವೆ ಎಂಬುದರಲ್ಲಿ ಯಾವ ವಾದವೂ ಇಲ್ಲ. ಅವನು ಹೊತ್ತಿಗೆ ಸರಿಯಾಗಿ ಮಲಗಿ, ಓದು ಮತ್ತು ಹೊರಾಂಗಣದ ಆಟವನ್ನು ಬಿಡದೆ, ಉಳಿದ ಸಮಯದಲ್ಲಿ ಗೇಮ್ ಆಡುತ್ತಿದ್ದರೆ ಅದನ್ನು ಬುದ್ಧಿ ಬೆಳೆಸುವ ಸಾಧನವೆಂದು ಸಮರ್ಥಿಸಿಕೊಳ್ಳುವ ಅಗತ್ಯ ಅವನಿಗೂ ಇಲ್ಲ, ಬುದ್ಧಿ ಕೆಡಿಸುವ ವಸ್ತುವೆಂದು ಕಿತ್ತುಕೊಳ್ಳುವ ಅಗತ್ಯ ನಿಮಗೂ ಇಲ್ಲ.

ಕುತೂಹಲಿ:

ತಿಳಿಯಿತು. ಅತ್ತೆಯವರ ಚಂದಾ ಸದ್ಯಕ್ಕೆ ತಡೆಹಿಡಿದಿದ್ದೇನೆ. 2022ರ ಆ ಪ್ರಬಂಧದ ತಿದ್ದಿದ ರೂಪವನ್ನು, ಗಮನದ ಸಮಸ್ಯೆಯ ಭಾಗವನ್ನೂ ಸೇರಿಸಿ, ಮಗನ ಜೊತೆ ಕುಳಿತು ಪೂರ್ತಿಯಾಗಿ ಓದುತ್ತೇನೆ. ಅವನಿಗೆ ಅದರಲ್ಲಿ ಮತ್ತೇನಾದರೂ ಆಕ್ಷೇಪ ಕಂಡರೆ ಅವನನ್ನೇ ಇಲ್ಲಿ ಬರೆಯಲು ಹೇಳುತ್ತೇನೆ.